ಮೂರು ಚುಕ್ಕೆ, ಹದಿನೇಳು ನಿಮಿಷ

ಜುಲೈ ಹನ್ನೆರಡು, ಶನಿವಾರ. ವಿಲೆ ಪಾರ್ಲೆಯ ಅಂಗಡಿಯೊಂದರಲ್ಲಿ ಅಪ್ಪ ಕೈಮುಗಿದುಕೊಂಡು ನಿಂತದ್ದು ಹದಿನೇಳು ನಿಮಿಷ. ನಾಲ್ಕು ಹತ್ತಕ್ಕೆ ಶುರುವಾಗಿ ನಾಲ್ಕು ಇಪ್ಪತ್ತೇಳಕ್ಕೆ ಮುಗಿಯಿತು. ಅವನ ಮುಖ ನೋಡಲಾಗದೆ ಎದುರಿನ ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ, ಹಾಗಾಗಿ ಈ ಲೆಕ್ಕದಲ್ಲಿ ತಪ್ಪಿಲ್ಲ.

ಅಪ್ಪ ಬೈಕುಲ್ಲಾದ ಹಳೆಯ ಬಿಲ್ಡಿಂಗೊಂದರ ಎರಡನೇ ಮಹಡಿಯ ಕೋಣೆಯಲ್ಲಿ ದುಬಾರಿ ವಿದೇಶಿ ಬ್ಯಾಗುಗಳನ್ನು ರಿಪೇರಿ ಮಾಡುತ್ತಾನೆ. ಕಿತ್ತ ಹಿಡಿಕೆ, ಸವೆದ ಮೂಲೆ, ಮಳೆಗಾಲದ ಬೂಷ್ಟು. ಮುಂಬೈಯ ಗಾಳಿಗೆ ಒಳಜೇಬಿನ ಲೇಪ ಕರಗಿ ಬೆಲ್ಲದ ಪಾಕದ ಹಾಗೆ ಬೆರಳಿಗೆ ಅಂಟುತ್ತದೆ. ಅದನ್ನು ಕೆರೆದು ತೆಗೆದು ಹೊಸ ಅಸ್ತರು ಹೊಲಿಯುವುದು ನನ್ನ ಪಾಲಿನ ಕೆಲಸ. ನೋಟ್‌ಬುಕ್ಕೂ ನನ್ನದೇ. ಒಂದು ಬ್ಯಾಗಿಗೆ ಒಂದು ಪುಟ: ಬಂದ ದಿನ, ಯಾವ ಚರ್ಮ, ಇಂಚಿಗೆ ಎಷ್ಟು ಹೊಲಿಗೆ, ಬರುವಾಗಲೇ ಇದ್ದ ದೋಷಗಳು.

ಚರ್ಮದ ಗುರುತು ಹಿಡಿಯುವುದನ್ನು ಅಪ್ಪ ನನಗೆ ಕಲಿಸಿದ್ದು ಹೆಬ್ಬೆರಳಿನಿಂದ. ಕುರಿಮರಿಯ ಚರ್ಮವನ್ನು ಒತ್ತಿದರೆ ಸುತ್ತಲೂ ಸಣ್ಣ ನಿರಿಗೆ ಏಳುತ್ತದೆ, ಉಗುರು ತಾಗಿದರೆ ಸಾಕು ಗೆರೆ ಉಳಿಯುತ್ತದೆ. ಎಳೆಗರುವಿನದು ಬಿಗಿ, ಒತ್ತಿದ್ದು ಕೂಡಲೇ ಮರಳಿ ಬರುತ್ತದೆ, ರಂಧ್ರಗಳು ರವೆ ಚೆಲ್ಲಿದಂತೆ ಹರಡಿರುತ್ತವೆ. ಚರ್ಮದ ಮೇಲಿನ ಕಾಳಿನಂಥ ಉಬ್ಬುಗಳು ಯಂತ್ರದಲ್ಲಿ ಒತ್ತಿದವಾದರೆ ಎಲ್ಲ ಒಂದೇ ಅಳತೆ. ತಾನಾಗಿ ಎದ್ದ ಕಾಳು ಒಂದರಂತೆ ಇನ್ನೊಂದಿಲ್ಲ. ಮರದ ತೊಗಟೆಯಲ್ಲಿ ಹದ ಮಾಡಿ, ಬಣ್ಣ ಹಾಕದೆ ಬಿಟ್ಟ ಹಿಡಿಕೆ ಮೊದಲು ಬಿಸ್ಕತ್ತಿನ ಬಣ್ಣದಲ್ಲಿದ್ದು, ಮುಟ್ಟಿ ಮುಟ್ಟಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಬಳಸಿದ ಬ್ಯಾಗನ್ನು ಹೊಸದೆಂದು ಮಾರುವವರ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತದೆ.

ಕೆಲಸ ಮುಗಿದು ಅಸ್ತರು ಮುಚ್ಚುವ ಮೊದಲು ಅಪ್ಪ ಒಳಗಿನ ಹೊಲಿಗೆಯ ಅಂಚಿನಲ್ಲಿ, ಚರ್ಮ ಚುಚ್ಚುವ ಆರಿಯ ಮೊನೆಯಿಂದ ಮೂರು ಚುಕ್ಕೆ ಹಾಕುತ್ತಿದ್ದ. ಯಾರಿಗೂ ಕಾಣದ ಜಾಗ. ಬೆಳಗಾವಿ ಕಡೆಯ ನಮ್ಮೂರಿನಲ್ಲಿ ನನ್ನ ಅಜ್ಜ ಚಪ್ಪಲಿಯ ಅಟ್ಟೆಯೊಳಗೆ ಹೀಗೇ ಹಾಕುತ್ತಿದ್ದನಂತೆ. ಕೆಲಸ ತನಗೆ ಒಪ್ಪಿಗೆಯಾಗದಿದ್ದರೆ ಅಪ್ಪ ಚುಕ್ಕೆ ಹಾಕುತ್ತಿರಲಿಲ್ಲ, ಬಿಚ್ಚಿ ಮತ್ತೆ ಮಾಡುತ್ತಿದ್ದ.

ನಮಗೆ ಹೆಚ್ಚಿನ ಬ್ಯಾಗುಗಳು ಬರುವುದು ಆ ವಿಲೆ ಪಾರ್ಲೆಯ ಅಂಗಡಿಯಿಂದ. ಅಲ್ಲಿ ಹಳೆಯ ಬ್ಯಾಗುಗಳನ್ನು ಕೊಂಡು ಮಾರುತ್ತಾರೆ. ಅಂಗಡಿಯ ಒಡತಿಯನ್ನು ನಾವು ಮೇಡಂ ಎನ್ನುತ್ತೇವೆ. ಅವರ ತಂದೆ ತಾಯಿ ಬೆಂಗಳೂರಿನವರು, ಅವರು ಹುಟ್ಟಿ ಬೆಳೆದದ್ದು ಇಲ್ಲಿ. ಅಪ್ಪನನ್ನು ಕಾಕಾ ಎಂದು ಕರೆಯುತ್ತಿದ್ದರು; ನಾವೆಲ್ಲ ಕನ್ನಡದವರು, ಒಂದೇ ಮನೆಯವರ ಹಾಗೆ ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ಬ್ಯಾಗು ಕೊಡುವಾಗಲೂ ತೆಗೆದುಕೊಳ್ಳುವಾಗಲೂ ನೋಟ್‌ಬುಕ್ಕಿನ ಪುಟಕ್ಕೆ ಅವರ ಸಹಿ ಬೇಕೆಂದು ನಾನು ಹಟ ಹಿಡಿದಿದ್ದೆ. "ಕಾಕಾ, ನಿಮ್ಮ ಮಗಳು ಫುಲ್ ಸಿಐಡಿ ಇದಾಳೆ" ಎಂದು ನಕ್ಕು, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೇ ಸಹಿ ಹಾಕುತ್ತಿದ್ದರು.

ಏಪ್ರಿಲ್ ಹತ್ತೊಂಬತ್ತರಂದು ಅವರು ಒಂದು ಕಪ್ಪು ಬ್ಯಾಗು ಕೊಟ್ಟರು. ಮೂಲೆಗಳಿಗೆ ಬಣ್ಣ ಕೊಡುವುದಿತ್ತು. ಅಪ್ಪ ಹೆಬ್ಬೆರಳು ಒತ್ತಿ ನೋಡಿ, ಮೈಯೆಲ್ಲ ಕುರಿಮರಿಯದು, ಮುಚ್ಚಳ ಮಾತ್ರ ಕರುವಿನದು, ಯಾರೋ ಮೊದಲೇ ಬದಲಿಸಿದ್ದಾರೆ ಎಂದು ಅಲ್ಲೇ ಹೇಳಿದ. ಕಪ್ಪು ಅಂದರೆ ಕಪ್ಪು, ಮೂಲೆ ಮಾಡಿ ಕೊಡಿ ಸಾಕು ಎಂದರು ಮೇಡಂ. ನಾನು ಅದನ್ನು ಬರೆದೆ. ಅವರು ಸಹಿ ಹಾಕಿದರು. ಮೇ ಮೂರಕ್ಕೆ ಬ್ಯಾಗು ವಾಪಸು ಕೊಟ್ಟೆವು, ಅವರು ಅದನ್ನು ಮಾರಿದರು.

ಕೊಂಡವರು ಅರವತ್ತು ದಾಟಿದ ಹೆಂಗಸು. ಎರಡು ತಿಂಗಳು ಬಳಸುವಷ್ಟರಲ್ಲಿ ಬ್ಯಾಗಿನ ಮೈ ಸುಕ್ಕಾಗಿ ಮೆತ್ತಗಾಯಿತು, ಮುಚ್ಚಳ ಹಲಗೆಯಂತೆ ಹಾಗೇ ಉಳಿಯಿತು. ಅವರು ಅದನ್ನು ಅಂಗಡಿಗೆ ಹಿಂದಕ್ಕೆ ತಂದ ದಿನವೇ ಜುಲೈ ಹನ್ನೆರಡು. ಮೇಡಂ ನಮ್ಮನ್ನು ಕರೆಸಿದರು. ನಾವು ಒಳಗೆ ಕಾಲಿಟ್ಟಾಗ ಮೇಡಂ ಇಂಗ್ಲಿಷಿನಲ್ಲಿ, ರಿಪೇರಿಯವನೇ ಒಳ್ಳೆಯ ಚರ್ಮ ತೆಗೆದಿಟ್ಟುಕೊಂಡಿದ್ದಾನೆ, ಈ ಜನರನ್ನು ನಂಬಿದ್ದೇ ತಪ್ಪಾಯಿತು ಎಂದು ಆ ಹೆಂಗಸಿಗೆ ಹೇಳುತ್ತಿದ್ದರು. ನನಗೆ ಇಂಗ್ಲಿಷ್ ಬರುತ್ತದೆ. ಅಪ್ಪನಿಗೆ ಬರುವುದಿಲ್ಲ, ಆದರೆ ಆ ಧ್ವನಿ ಅವನಿಗೆ ಎಲ್ಲ ಭಾಷೆಯಲ್ಲೂ ಗೊತ್ತು.

"ಕಾಕಾ, ಆಂಟಿಗೆ ಸಾರಿ ಹೇಳಿ. ಪ್ರಾಪರ್ ಆಗಿ."

ನಾನು ನೋಟ್‌ಬುಕ್ಕಿಗೆ ಕೈ ಹಾಕಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದ. ಈ ಅಂಗಡಿ ಕೈ ಬಿಟ್ಟರೆ ಉಳಿದವರೂ ಬಿಡುತ್ತಾರೆ ಎಂಬುದು ಆ ಹಿಡಿತದಲ್ಲಿತ್ತು. ಆಮೇಲೆ ಅವನು ಕೈಮುಗಿದ. "ತಪ್ಪಾತ್ರಿ," ಅಂದ. ಮುಚ್ಚಳವನ್ನು ಕುರಿಮರಿಯ ಚರ್ಮದಲ್ಲೇ ಹೊಸದಾಗಿ ಮಾಡಿಕೊಡುವುದಾಗಿ ಒಪ್ಪಿಕೊಂಡ. ಮೇಡಂ ಇನ್ನೂ ಬಹಳ ಹೊತ್ತು ಮಾತಾಡಿದರು.

ಹೊರಡುವಾಗ ಆ ಹೆಂಗಸಿಗೆ ಮನೆಯಿಂದ ಫೋನ್ ಬಂತು. ಬರುವಾಗ ಕೊತ್ತಂಬರಿ ತರಲಾ ಎಂದು ಅವರು ಕೇಳಿದ್ದು ಅಚ್ಚ ಮೈಸೂರು ಕನ್ನಡದಲ್ಲಿ. ಅವರ ಬಟ್ಟೆಯ ಚೀಲದಿಂದ ಕನ್ನಡ ಮಾಸಪತ್ರಿಕೆಯೊಂದು ಇಣುಕುತ್ತಿತ್ತು. ಇದನ್ನೂ ಅವತ್ತಿನ ಪುಟದಲ್ಲಿ ಬರೆದಿಟ್ಟೆ.

ಅಂದಿನಿಂದ ಅಪ್ಪ ಚುಕ್ಕೆ ಹಾಕುವುದನ್ನು ನಿಲ್ಲಿಸಿದ. ಕೇಳಿದರೆ, "ಯಾರ ಹೆಸ್ರಿಗಿ ಹಾಕ್ಲಿ?" ಅಂದ. ಮೇಡಂ ಅಂಗಡಿಗೆ ಹೋಗುವುದನ್ನೂ ಬಿಟ್ಟ. ಶನಿವಾರಗಳಂದು ನಾನೊಬ್ಬಳೇ ಲೋಕಲ್ ರೈಲಿನಲ್ಲಿ ಬ್ಯಾಗು ಹೊತ್ತು ಹೋಗಿಬರುತ್ತಿದ್ದೆ. ಹೊಂದುವ ಕುರಿಮರಿಯ ಚರ್ಮ ಸಿಗುವುದಕ್ಕೇ ಎರಡು ತಿಂಗಳಾಯಿತು. ಅಷ್ಟರಲ್ಲಿ ಹದಿನಾಲ್ಕು ಬ್ಯಾಗುಗಳು ಚುಕ್ಕೆಯಿಲ್ಲದೆ ಹೋದವು. ಒಂದೊಂದಕ್ಕೂ ಪುಟದ ಮೂಲೆಯಲ್ಲಿ ಕೆಂಪು ಗೀಟು ಎಳೆದೆ. ನನಗೆ ಬೇಕಾಗಿದ್ದು ಆ ಮೂರು ಚುಕ್ಕೆ, ಮತ್ತು ಮೇಡಂ ಕೈಮುಗಿಯುವುದು.

ನೋಟ್‌ಬುಕ್ಕನ್ನು ಹಿಂದಿನಿಂದ ತಿರುವಿ ನೋಡಿದೆ. ಮುಚ್ಚಳ ಮೊದಲೇ ಬದಲಾಗಿದೆ ಎಂಬ ಸಾಲಿನ ಕೆಳಗೇ ಅವರ ಸಹಿ ಇತ್ತು. ಓದಿ ಸಹಿ ಹಾಕಿದವರು ಆ ಸುಳ್ಳು ಹೇಳುವ ಧೈರ್ಯ ಮಾಡುತ್ತಿರಲಿಲ್ಲ. ನನಗೆ ಒಂದು ಅನುಮಾನ ಬಂತು. ಅದು ನಿಜವೇ ಎಂದು ನೋಡಲು ಆಗಸ್ಟ್ ಒಂಬತ್ತರಂದು ಒಂದು ಕಂದು ಬ್ಯಾಗಿನ ಪುಟದ ಕೊನೆಗೆ ಬರೆದೆ: ನಾನು ಈ ಪುಟವನ್ನು ಓದಿಲ್ಲ, ನನಗೆ ಕನ್ನಡ ಓದಲು ಬರುವುದಿಲ್ಲ. ಮೇಡಂ ನಗುನಗುತ್ತ ಸಹಿ ಹಾಕಿ, ಮುಂಬೈಯಲ್ಲಿದ್ದೂ ಇಷ್ಟು ಚೆಂದವಾಗಿ ಕನ್ನಡ ಬರೆಯುತ್ತೀಯಲ್ಲ ಎಂದು ಹೊಗಳಿದರು. ನಾನು ಥ್ಯಾಂಕ್ಸ್ ಹೇಳಿದೆ. ಆಮೇಲಿನ ಶನಿವಾರಗಳಲ್ಲಿ ಅವರ ಎದುರು ನನಗಿಂತ ಮೆತ್ತಗಿನವರು ಯಾರೂ ಇರಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೇಳರಂದು ಆ ಕಪ್ಪು ಬ್ಯಾಗು ಸಿದ್ಧವಾಗಿ, ಆ ಹೆಂಗಸು ತೆಗೆದುಕೊಂಡು ಹೋಗಲು ಬಂದಿದ್ದರು. ಮುಚ್ಚಳವನ್ನು ಒತ್ತಿ ನೋಡಿ ತಲೆಯಾಡಿಸಿದರು. ನಾನು ಏಪ್ರಿಲ್‌ನ ಪುಟ ತೆರೆದು ಅವರ ಮುಂದಿಟ್ಟು, ಆಂಟಿ, ಇದನ್ನು ಸ್ವಲ್ಪ ಓದುತ್ತೀರಾ ಎಂದು ಕನ್ನಡದಲ್ಲಿ ಕೇಳಿದೆ. ಅವರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು. ಅಂಗಡಿಯಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರೂ ಕೇಳುತ್ತಿದ್ದರು.

"ಇದೇನ್ರೀ, ಕೆಳಗಿರೋದು ನಿಮ್ಮ ಸೈನೇ ಅಲ್ವಾ?"

"ಬಿಜಿ ಇದ್ದೆ ಆಂಟಿ... ಸುಮ್ನೆ ಸೈನ್ ಮಾಡ್ದೆ ಅಷ್ಟೇ," ಎಂದರು ಮೇಡಂ. ಅಪ್ಪ ಬಾಯಲ್ಲಿ ಹೇಳಿದ್ದು ಮಾತ್ರ ನೆನಪಿಲ್ಲವಂತೆ. ನಾನು ಆಗಸ್ಟ್‌ನ ಪುಟ ತಿರುವಿದೆ. ಆಂಟಿ ಕೊನೆಯ ಸಾಲನ್ನು ಎರಡು ಸಲ ಓದಿದರು. ಎರಡನೇ ಸಲ ಓದುವ ಅಗತ್ಯವಿರಲಿಲ್ಲ. ಆ ಎರಡನೇ ಸಲಕ್ಕಾಗಿ ನಾನು ಅವರಿಗೆ ಋಣಿ. ಮೇಡಂ ಮುಖ ಹದ ಮಾಡದ ಚರ್ಮದಂತೆ ಬಿಳಿಚಿತು.

"ಆ ಮನುಷ್ಯನ್ನ ನನ್ನ ಮುಂದೆ ನಿಲ್ಲಿಸಿಬಿಟ್ರಲ್ಲ," ಎಂದರು ಆಂಟಿ. "ಅವರ ಮನೆಗೇ ಹೋಗಿ ಹೇಳಿ ಬನ್ನಿ. ಆಮೇಲೆ ನಾನು ಈ ಅಂಗಡಿಗೆ ಬರೋದು."

ಮೇಡಂ ಬೈಕುಲ್ಲಾಕ್ಕೆ ಬಂದದ್ದು ಮೂವತ್ತರಂದು, ಮಂಗಳವಾರ. ಚರ್ಮದ ವಾಸನೆಗೆ ಮೂಗಿನ ಹತ್ತಿರ ಕೈ ಹೋಯಿತು, ಇಳಿಯಿತು. ಅಪ್ಪನಿಗೆ ನಾನು ಮೊದಲೇ ಏನೂ ಹೇಳಿರಲಿಲ್ಲ. "ಕೂಡ್ರಿ ಮೇಡಂ," ಎಂದು ಅವನು ಸ್ಟೂಲ್ ಒರೆಸತೊಡಗಿದ.

"ನಿಂತಾ ಹೇಳ್ರಿ," ಅಂದೆ ನಾನು.

ಅವರು ಕೈಮುಗಿದರು. ಕಾಕಾ, ತಪ್ಪು ನನ್ನದು ಎಂದರು. ನಾನು ಗಡಿಯಾರ ನೋಡುತ್ತಿದ್ದೆ. ನಾಲ್ಕೇ ನಿಮಿಷಕ್ಕೆ ಅಪ್ಪ ಸ್ಟೂಲನ್ನು ಅವರ ಕಾಲ ಬಳಿ ತಳ್ಳಿ, ಚಹಾ ತರಿಸಿದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿದ.

"ಇಷ್ಟ ಸೇಡ ಛಲೋ ಅಲ್ಲವ್ವ. ತೊಗಲ ಹದಾ ಮಾಡೂದು ಕಲ್ಸೇನಿ ನಿನಗ, ಸುಲಿಯೂದಲ್ಲ."

ಅದನ್ನೂ ಬರೆದುಕೊಂಡೆ. ಮರುದಿನ ಮುಗಿದ ಬ್ಯಾಗಿನ ಅಸ್ತರು ಮುಚ್ಚುವ ಮೊದಲು ಅವನು ಆರಿಗಾಗಿ ಕೈ ಚಾಚಿದ. ಮೂರು ಚುಕ್ಕೆ. ನಾನು ಬೆರಳಿಟ್ಟು ನೋಡಿದೆ. ಅಪ್ಪನ ಪಾಲಿಗೆ ಅದು ಅಲ್ಲಿಗೆ ಮುಗಿಯಿತು.

ನನ್ನ ಪುಸ್ತಕದಲ್ಲಿ ಹದಿನೇಳಕ್ಕೆ ಇನ್ನೂ ಹದಿಮೂರು ನಿಮಿಷ ಉಳಿದಿತ್ತು. ಇನ್ನು ಮುಂದೆ ಪುಟವನ್ನು ಗಟ್ಟಿಯಾಗಿ ಓದಿಯೇ ಸಹಿ ಹಾಕಬೇಕು, ಇಲ್ಲವಾದರೆ ಬ್ಯಾಗು ಮುಟ್ಟುವುದಿಲ್ಲ ಎಂದು ಮೇಡಂಗೆ ಹೇಳಿದೆ. ಅಪ್ಪನ ಹಾಗೆ ಮೂಲೆ ಮಾಡುವವರು ಅವರಿಗೆ ಬೇರೆ ಸಿಕ್ಕಿರಲಿಲ್ಲ. ಅಕ್ಷರಗಳನ್ನು ಫೋನಿನಲ್ಲಿ ಕಲಿಯತೊಡಗಿದರು. ಅಕ್ಟೋಬರ್ ನಾಲ್ಕರಂದು, ಕೌಂಟರಿನ ಮುಂದೆ ನಿಂತು, "ಕು...ರಿ...ಮ...ರಿ..." ಐದು ನಿಮಿಷ. ಹಿಂದೆ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದಿದ್ದರು. ಹನ್ನೊಂದರಂದು ನಾಲ್ಕು ನಿಮಿಷ, ಹದಿನೆಂಟರಂದು ನಾಲ್ಕು. ಅವತ್ತಿಗೆ ಹದಿನೇಳು ತುಂಬಿತು.

"ಇನ್ನು ಸಾಕಲ್ವಾ?" ಎಂದು ಅವರು ಮೆಲ್ಲಗೆ ಕೇಳಿದರು.

ತುಂಬಿದ ಮೇಲೆ ಆರು ಶನಿವಾರಗಳಾದವು. ಮೊದಲು ಒಂದು ಬ್ಯಾಗಿಗೆ ಎಂಟು ಸಾಲು ಬರೆಯುತ್ತಿದ್ದೆ, ಈಗ ಇಪ್ಪತ್ತೆರಡು ಬರೆಯುತ್ತೇನೆ. ಒತ್ತಕ್ಷರ ಹೆಚ್ಚಿರುವ ಪದಗಳನ್ನು ವಾರವಿಡೀ ಹುಡುಕಿಟ್ಟುಕೊಳ್ಳುತ್ತೇನೆ.