ಮರಣದಂಡನೆಯ ಸುದ್ದಿ ಹಿಡಿದು ಉನೈಜಾಕ್ಕೆ

ಶುಕ್ರವಾರ ಬೆಳಿಗ್ಗೆ, ನಾನು ಕೆಲಸಕ್ಕಿರುವ ಅರಬ್ ನಾಡಿನ ಯಾನ್ಬುವಿನಲ್ಲಿ ಬಸ್ಸು ಹತ್ತುವಾಗ ನನ್ನ ಜೇಬಿನಲ್ಲಿ ಉರ್ದು ಪತ್ರಿಕೆಯ ಒಂದು ತುಣುಕಿನ ಜೆರಾಕ್ಸ್ ಇತ್ತು. ಕಾವಲುಗಾರನನ್ನು ಕೊಂದಿದ್ದ ಕುಖ್ಯಾತ ದರೋಡೆಕೋರನಿಗೆ ಮರಣದಂಡನೆಯಾಯಿತೆಂಬ ಸರ್ಕಾರಿ ಪ್ರಕಟಣೆ. ಮೇಲೆ ಕುರ್‌ಆನಿನ ವಾಕ್ಯ, ಕೆಳಗೆ ಹೆಸರು: ಅಬ್ದುಲ್ ರಹಿಮಾನ್, ಭಾರತೀಯ. ನಮ್ಮ ಕ್ಯಾಂಪಿನ ಮೆಸ್ಸಿನಲ್ಲಿ ಅದು ಕೈಯಿಂದ ಕೈಗೆ ಓಡಾಡುತ್ತಿತ್ತು.

ನನ್ನ ಅಕ್ಕನ ಗಂಡನ ಹೆಸರೂ ಅದೇ. ಇಲ್ಲಿನ ರಾಜಧಾನಿಯ ಮಲಾಜ್ ಬಡಾವಣೆಯಲ್ಲಿದ್ದ ಅಂಗಡಿ ಮುಚ್ಚಿದ ಮೇಲೆ ಭಾವ ಮನೆಗೆ ಫೋನ್ ಮಾಡುವುದನ್ನೇ ಬಿಟ್ಟಿದ್ದರು. ಉನೈಜಾದ ಖರ್ಜೂರದ ತೋಟವೊಂದರಲ್ಲಿ ಅವರನ್ನು ಕಂಡೆನೆಂದು ಕಾಸರಗೋಡಿನ ಲಾರಿ ಚಾಲಕನೊಬ್ಬ ಹೇಳಿದ್ದಷ್ಟೇ ನಮಗಿದ್ದ ಸುಳಿವು. ಪ್ರಕಟಣೆಯ ಫೋಟೊ ಅಕ್ಕನಿರುವ ಉಡುಪಿಗೂ ತಲುಪಿತ್ತು. "ಅದು ಇವರಲ್ಲ ಅಲ್ವಾ?" ಎಂದು ಅಕ್ಕ ಕೇಳಿದಾಗ "ನಾನೇ ಹೋಗಿ ನೋಡಿ ಬರ್ತೇನೆ" ಎಂದೆ.

ಮದೀನಾದಲ್ಲಿ ಜುಮಾ ನಮಾಜು ಮುಗಿಸಿ, ನಾಲ್ಕು ಜನರೊಡನೆ ಬಾಡಿಗೆ ಕಾರು ಹತ್ತಿದೆ. ಅಲ್ಲಿಂದ ಉನೈಜಾಕ್ಕೆ ಸುಮಾರು ಐನೂರು ಕಿಲೋಮೀಟರ್. ದಾರಿಯುದ್ದಕ್ಕೂ ದೂಳಿನ ಗಾಳಿ. ಪೆಟ್ರೋಲ್ ಬಂಕಿನ ಪಕ್ಕದ ಹೋಟೆಲಿನಲ್ಲಿ ರೊಟ್ಟಿ ಬದಿಗೆ ಸರಿಸಿ ಜೇಬಿನ ಚೀಟಿ ಬಿಡಿಸಿದೆ. ಪೇಶಾವರದ ಚಾಲಕ ಚೀಟಿ ಓದಿ, "ಒಂದೇ ಹೆಸರಿನವರು ಸಾವಿರ ಜನ ಇರ್ತಾರೆ, ಭಾಯ್. ಚಾ ಆದ್ರೂ ಕುಡಿ" ಎಂದು ಉರ್ದುವಿನಲ್ಲಿ ಹೇಳಿದ. ಕುಡಿದೆ.

ಶನಿವಾರ ಬೆಳಗಾಗುತ್ತಲೇ ಉನೈಜಾದ ತೋಟಗಳನ್ನು ಸುತ್ತತೊಡಗಿದೆ. ಚಳಿಯಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದು ತೋಟದ ಕಾಲುವೆಯಲ್ಲಿ ಕಾಲಿಳಿಬಿಟ್ಟು ಪೈಪು ತೊಳೆಯುತ್ತಿದ್ದ, ಗಡ್ಡ ನರೆತ ಒಬ್ಬರು ಕಂಡರು. ಕೆಮ್ಮಿನಿಂದಲೇ ಗುರುತು ಸಿಕ್ಕಿತು.

"ಭಾವ!"

ಅವರು ತಿರುಗಿದರು. "ನೀನು ಇಲ್ಲಿ ಎಂತ ಮಾಡುದು ಮಾರಾಯ?"

ನಾನು ಅಲ್ಲೇ ಕೆಸರಿನ ಬದುವಿನ ಮೇಲೆ ಕುಳಿತುಬಿಟ್ಟೆ. ಆಮೇಲೆ ಚೀಟಿ ಕೊಟ್ಟೆ. ಭಾವ ಅದನ್ನು ಎರಡು ಸಲ ಓದಿದರು. "ಅವಳಿಗೆ ನಾನು ಹೀಗೆ ಸತ್ತೆ ಅಂತ ಕಂಡಿತಾ?"

"ನೀವು ಒಂದು ಫೋನ್ ಮಾಡಿದ್ರೆ ಆಗ್ತಿತ್ತು."

"ಅಂಗಡಿ ಮುಳುಗಿಸಿದವ ಯಾವ ಮುಖದಲ್ಲಿ ಮಾಡುದು?"

ನಾನು ಅಕ್ಕನ ನಂಬರ್ ಒತ್ತಿ ಫೋನನ್ನು ಅವರ ಕಿವಿಗೇ ಹಿಡಿದೆ. ಮೊದಲು ಅಕ್ಕನ ಅಳು, ಹಿಂದೆಯೇ ಬೈಗುಳ. "ಹೂಂ... ಹೂಂ... ತಪ್ಪಾಯ್ತು" ಎನ್ನುತ್ತ ಭಾವ ತೋಳಿನಿಂದ ಕಣ್ಣೊರೆಸಿಕೊಂಡರು.

ದೇವರ ವಾಕ್ಯವಿದ್ದ ಕಾಗದವನ್ನು ಎಸೆಯುವಂತಿರಲಿಲ್ಲ. ಭಾವ ಅದನ್ನು ಮಡಚಿ ಪಂಪುಮನೆಯ ಗೂಡಿನಲ್ಲಿ ಎತ್ತರಕ್ಕಿಟ್ಟರು. "ಪಾಪ, ಇವನ ಮನೆಯಲ್ಲಿ ಯಾರಿದ್ದಾರೋ" ಎಂದು ಕೈಯೆತ್ತಿ ದುಆ ಮಾಡಿದರು. ನಾನೂ ಮಾಡಿದೆ.

ಸಂಜೆ ನಾನು ಹತ್ತಿದ ಬಾಡಿಗೆ ಕಾರು ಹೊರಟಾಗ ಭಾವ ಗೇಟಿನ ಬಳಿ ತೋಟದವರ ಫೋನಿನಲ್ಲಿ ಇನ್ನೂ ಅಕ್ಕನಿಂದ ಬೈಸಿಕೊಳ್ಳುತ್ತಿದ್ದರು. ನನ್ನತ್ತ ಕೈಬೀಸಲೂ ಅವರಿಗೆ ಪುರುಸೊತ್ತಿರಲಿಲ್ಲ.