ದೇವರ ಬಾಳೆಹಣ್ಣು ಮತ್ತು ರೆಕ್ಕೆ ಕಚ್ಚಿದ ನೊಣ

ಐವತ್ತರ ದಶಕದ ಮುಂಬಯಿಯಲ್ಲಿ ಪಾನನಿರೋಧವಿತ್ತು. ಆಗಲೇ ನಾನು ಆಂಟಾಪ್ ಹಿಲ್‌ನ ನಮ್ಮ ಎರಡು ಕೋಣೆಯ ಮನೆಯಲ್ಲಿ ಬಾಳೆಹಣ್ಣು, ಬೆಲ್ಲ, ಯೀಸ್ಟ್ ಕಲಸಿ ಹಾಲಿನ ಬಾಟಲಿಗಳಲ್ಲಿ ಹುಳಿ ಬರಿಸುತ್ತಿದ್ದೆ. ಕುಡಿಯಲಿಕ್ಕಲ್ಲ, ನೊಣಗಳಿಗೆ.

ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ. ದೀಪಾವಳಿಗೆ ಪ್ರಯೋಗಾಲಯಕ್ಕೆ ಬೀಗ ಬಿತ್ತು. ನೊಣಗಳಿಗೆ ರಜೆ ಇರಲಿಲ್ಲವಾದ್ದರಿಂದ ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದೆ. ಸಾಸಿವೆ ಗಾತ್ರದ ಹಣ್ಣಿನ ನೊಣಗಳು. ಈ ತಳಿಯ ಹೆಣ್ಣಿನ ರೆಕ್ಕೆಯ ತುದಿ ಯಾರೋ ಕಚ್ಚಿದಂತಿರುತ್ತಿತ್ತು, ಅದರ ಕೆಲವು ಮೊಟ್ಟೆಗಳು ಒಡೆದು ಮರಿಯಾಗುತ್ತಲೇ ಇರಲಿಲ್ಲ. ಅಂಥ ಮೊಟ್ಟೆಯನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೊಟ್ಟೆಯ ಕಡೆ ಚರ್ಮವಿಲ್ಲ, ಬರೀ ನರ. ಸರಿಯಾದ ಭ್ರೂಣದಲ್ಲಿ ಕೆಲವು ಕೋಶಗಳು ಒಳಗಿಳಿದು ನರವಾಗುತ್ತವೆ, ಪಕ್ಕದವು ಹೊರಗೇ ಉಳಿದು ಚರ್ಮವಾಗುತ್ತವೆ. ಇಲ್ಲಿ ಎಲ್ಲವೂ ನರವಾಗಲು ಹೊರಟಿದ್ದವು. ನರವಾಗುವ ಕೋಶವೇ ಪಕ್ಕದವನ್ನು ತಡೆಯುತ್ತದೆಂದು ವಿಜ್ಞಾನಕ್ಕೆ ಸ್ಪಷ್ಟವಾದದ್ದು ಎಷ್ಟೋ ವರ್ಷಗಳ ಮೇಲೆ. ನೆರೆಯವರು ತಡೆಯುವ ಬಗೆ ನನಗೆ ಅದಕ್ಕೂ ಮೊದಲೇ ತಿಳಿಯಿತು.

ಪ್ರಬಂಧ ಆ ವರ್ಷ ಮುಗಿಯದಿದ್ದರೆ ವಿಜಾಪುರದ ಒಂದು ಸಂಬಂಧಕ್ಕೆ ಹೂಂ ಅನ್ನಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ಹುಡುಗ ಒಳ್ಳೆಯವನಂತೆ. ಆ ತಳಿಯ ನೊಣ ಕಾಲೇಜಿನಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ.

ಒಂದು ಮಧ್ಯಾಹ್ನ ಬಾಟಲಿಗಳ ಬಾಯಿಗೆ ತುರುಕುವ ಹತ್ತಿ ತರಲು ದಾದರ್‌ಗೆ ಹೋಗಿದ್ದೆ. ಆ ಹೊತ್ತಿಗೆ ಪಕ್ಕದ ಮನೆಯ ಮಂಗಳೂರಿನಾಕೆ ಬಾಗಿಲಿಗೆ ಬಂದು, “ಎಂಥದು ಮಾರಾಯ್ರೆ, ನಿಮ್ಮಲ್ಲಿ ಕಳ್ಳಿನ ವಾಸನೆ? ಪೊಲೀಸರು ಬಂದ್ರೆ ನಮ್ಮನ್ನೂ ಬಿಡುದಿಲ್ಲ” ಎಂದಳಂತೆ. ಅವ್ವನ ಕಣ್ಣ ಮುಂದೆ ಅಪ್ಪನ ಸರಕಾರಿ ನೌಕರಿ ಬಂದು ನಿಂತಿತು. ನಾನು ಮರಳಿದಾಗ ಬಾಟಲಿಗಳು ಬೂದಿಯಲ್ಲಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತ ಬೋರಲು ಬಿದ್ದಿದ್ದವು.

“ನೊಣ ಎಲ್ಲಿ ಅವ್ವಾ?”

“ಮೋರಿಗೆ ಸುರುವಿದೆ. ಒಂದಷ್ಟು ಹಾರಿಹೋದ್ವು. ನೊಣ ಮತ್ತ ಬರ್ತಾವ, ನಿಮ್ಮಪ್ಪನ ನೌಕರಿ ಬರ್ತದೇನು?”

ನಾನು ಅಲ್ಲೇ ನೆಲದ ಮೇಲೆ ಕುಳಿತು ಗೊಳೋ ಎಂದು ಅತ್ತೆ. ನೊಣ ಸತ್ತದ್ದಕ್ಕೆ ಅಳುವವರನ್ನು ಅವ್ವ ಕಂಡಿರಲಿಲ್ಲ. “ಲಗ್ನ ಇಷ್ಟು ಬ್ಯಾಡಾಗೇದೇನು?” ಎಂದು ಕೇಳಿದಳು.

“ಓದು ಬೇಕಾಗೇದವ್ವಾ,” ಎಂದೆ. ಒಂದೇ ಒಂದು ಬಸುರಿ ಹೆಣ್ಣು ನೊಣ ಸಿಕ್ಕರೂ ತಳಿ ಉಳಿಯುತ್ತಿತ್ತು ಎಂದೂ ಹೇಳಿದೆ.

ಸಂಜೆ ಅವ್ವ ಮಡಿಯುಟ್ಟು ದೇವರ ಮುಂದೆ ಬಾಳೆಹಣ್ಣು ಸುಲಿದಿಟ್ಟಳು. ನೈವೇದ್ಯಕ್ಕೆ ನೊಣ ಮುಟ್ಟಿದರೆ ಅದು ದೇವರಿಗಿಲ್ಲ. ಹಾಗಾಗಿ ದಿನಾಲೂ ಮಂತ್ರ ಮುಗಿಯುವ ತನಕ ಒಂದು ಕೈ ಬೀಸುತ್ತಲೇ ಇರುತ್ತಿದ್ದಳು. ಅಂದು ಕೈ ಕಟ್ಟಿಕೊಂಡು ಕುಳಿತಳು. ಮಂತ್ರವನ್ನೂ ಹೇಳಲಿಲ್ಲ. ನಾನು ಬಾಟಲಿ, ಭೂತಗನ್ನಡಿ ಹಿಡಿದು ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಸಣ್ಣ ನೊಣಗಳು ಒಂದೊಂದಾಗಿ ಹಣ್ಣಿನ ಮೇಲಿಳಿದವು.

“ಮೊದಲ ಅವು ತಿನ್ಲಿ,” ಎಂದಳು ಅವ್ವ ಮೆಲ್ಲಗೆ. “ದೇವರು ಸ್ವಲ್ಪ ತಡೀತಾನ. ನಿಮ್ಮಪ್ಪ ತಡ್ಯಾಂಗಿಲ್ಲ.”

ಅವುಗಳ ಮೇಲೆ ಬಾಟಲಿ ಬೋರಲು ಮುಚ್ಚಿ ಭೂತಗನ್ನಡಿ ಹಿಡಿದೆ. ಒಳಗಿದ್ದವುಗಳಲ್ಲಿ ಒಂದರ ರೆಕ್ಕೆಯ ತುದಿ ಕಚ್ಚಿದಂತಿತ್ತು. ಅವ್ವನಿಗೆ ತೋರಿಸಿದೆ. ಅವಳು ನೋಡಿ, ಆ ಹಣ್ಣನ್ನು ನನ್ನ ಕಡೆ ಸರಿಸಿ, ದೇವರಿಗೆ ಇನ್ನೊಂದು ಸುಲಿದಳು.