ಆಯಿಯ ನಿದ್ದೆ, ಮಗನ ಕೌದಿ

ಪರ್ರ್... ಹಳೆಯ ನೂಲಿನ ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ, ಎರಡೂ ಕೈಯಿಂದ ಎಳೆದು ಹರಿಯುವ ಸದ್ದು. ಹೋದ ವಾರ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್ ಲೈನಿಂಗ್ ಬಟ್ಟೆಗೆ ಒಂದಿಷ್ಟು ಕತ್ತರಿ ತಾಗಿಸಿ, ಉಳಿದದ್ದನ್ನು ಕೈಯಲ್ಲೇ ಹರಿದ. "ಮೇಡಂ, ಇಷ್ಟು ಸಾಕಾ?" ಎಂದು ಕೇಳುತ್ತಲೇ ಇದ್ದ. ಆ ಸದ್ದು ಕಿವಿಗೆ ಬಿದ್ದದ್ದೇ ನಾನು ಅಲ್ಲಿರಲಿಲ್ಲ. ನಮ್ಮೂರಾದ ಅತನೂರಿನಲ್ಲಿ, ಪಕ್ಕದ ಮನೆಯ ಮಣ್ಣಿನ ಕಟ್ಟೆಯ ಮೇಲೆ ಕುಳಿತಿದ್ದೆ.

ಅದು ನಲವತ್ತೇಳನೆಯ ಇಸವಿ. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿತ್ತು, ನಮ್ಮ ಕಡೆ ಇನ್ನೂ ನಿಜಾಮರ ಆಳ್ವಿಕೆ. ನಿಜಾಮರ ಪರ ನಿಂತ ರಜಾಕಾರರ ಹಾವಳಿಯ ಸುದ್ದಿ ಹೆಚ್ಚಾದಾಗ ಅಪ್ಪ ಹೈದರಾಬಾದಿಗೆ ಬಂದು, ಕಾನ್ವೆಂಟಿನ ಬೋರ್ಡಿಂಗಿನಿಂದ ನನ್ನನ್ನು ಊರಿಗೆ ಕರೆತಂದರು. ಹತ್ತು ವರ್ಷದ ಹುಡುಗಿ ನಾನು. ಟ್ರಂಕಿನಲ್ಲಿ ಯೂನಿಫಾರ್ಮು, ಬಾಯಿ ತುಂಬ ಇಂಗ್ಲಿಷು. ಊರಲ್ಲಿ ಅದನ್ನು ಕೇಳುವವರೇ ಇಲ್ಲ. ಕೇಳಿದವಳು ಪಕ್ಕದ ಮನೆಯ ಆಯಿ ಒಬ್ಬಳೇ.

ಆಯಿ ಹಳೆಯ ಸೀರೆಗಳನ್ನು ಹರಿದು, ಪದರ ಜೋಡಿಸಿ, ಊರಿನವರಿಗೆಲ್ಲ ಹೊದೆಯಲು ಕೌದಿ ಹೊಲಿದು ಕೊಡುತ್ತಿದ್ದಳು. ಗಂಡ ಇರಲಿಲ್ಲ, ಇದ್ದವನೊಬ್ಬ ಮಗ. ಆ ವರ್ಷದ ಜೋಳದ ಬಿತ್ತನೆ ಮುಗಿದ ಮೇಲೆ ಒಂದು ಮಧ್ಯಾಹ್ನ ಆಯಿ ಉಂಡು ಮಲಗಿದ್ದಾಗ ಅವನು ಮನೆ ಬಿಟ್ಟು ಹೋಗಿದ್ದ. ಗಡಿ ದಾಟಿ ಸೊಲ್ಲಾಪುರದ ಕಡೆ ಹೋಗಿ, ರಜಾಕಾರರನ್ನು ಎದುರಿಸಲು ಕ್ಯಾಂಪು ಹೂಡಿದ್ದ ಹುಡುಗರನ್ನು ಸೇರಿಕೊಂಡನಂತೆ. ಗಾಣಗಾಪುರಕ್ಕೆ ಹೋಗಿಬಂದ ವ್ಯಾಪಾರಿಯೊಬ್ಬ ಹೇಳಿದ ಮೇಲೆಯೇ ಆಯಿಗೆ ಅದು ಗೊತ್ತಾದದ್ದು.

"ನಾ ಮಲಗಿದ್ದೆ ನೋಡವ್ವ, ಅದಕ್ಕ ಹೋದ. ಎಚ್ಚರಿದ್ದಿದ್ರ ಹೊಸ್ತಿಲಾ ದಾಟಾಕ ಬಿಡ್ತಿದ್ನೇನು?" ಎನ್ನುತ್ತಿದ್ದಳು. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ. ಇನ್ಸೋಮ್ನಿಯಾ ಎಂಬ ಪದ ನನಗಿನ್ನೂ ಗೊತ್ತಿರಲಿಲ್ಲ. ಆಯಿಯ ಕೆಂಪು ಕಣ್ಣು ಗೊತ್ತಿತ್ತು.

ಒಂದು ದಿನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದೆ. "ಏ ಅಂಗ್ರೇಜಿ ಬಾಯಿ, ನಿದ್ದಿಗಿ ನಿಮ್ಮ ಸಾಲ್ಯಾಗ ಏನಂತಾರ?" ಎಂದಳು.

"ಸ್ಲೀಪ್."

"ಇಷ್ಟೇನಾ? ಬಾಯಿ ತೆರಿಯೂದ್ರಾಗ ಮುಗೀತಲ್ಲ!"

ನನಗೆ ಹುರುಪು ಬಂತು. ಸಿಸ್ಟರ್ ಕಲಿಸಿದ್ದನ್ನೆಲ್ಲ ಒಪ್ಪಿಸಿದೆ. ತೂಕಡಿಕೆ ಬಂದವರು ಸ್ಲೀಪಿ. ಮಲಗಿದವರು ಅಸ್ಲೀಪ್. ಗಾಢವಾಗಿ ಮಲಗಿದರೆ ಸೌಂಡ್ ಸ್ಲೀಪ್, ಅಂದರೆ ಸಪ್ಪಳದ್ದು ಎಂದು ನನ್ನದೇ ಅರ್ಥ ಹೇಳಿದೆ.

"ಹೌದೌದು, ನಿಮ್ಮಪ್ಪನ ಗೊರಕಿ ನಮ್ಮನಿ ತನಕ ಕೇಳತೈತಿ," ಎಂದಳು.

ಕುಳಿತು ಕುಳಿತು ಅವಳ ಕಾಲು ಜೋಮು ಹಿಡಿದಿತ್ತು. ಅದಕ್ಕೂ ಇಂಗ್ಲಿಷಿನಲ್ಲಿ ಕಾಲು ಮಲಗಿದೆ ಎನ್ನುತ್ತಾರೆ ಎಂದೆ. ಆಯಿ ಕಾಲನ್ನು ಎರಡೂ ಕೈಯಿಂದ ಎತ್ತಿ ಈಚೆ ಇಟ್ಟುಕೊಂಡು ನಕ್ಕಳು. "ಕಾಲಿಗರೆ ನಿದ್ದಿ ಬಂತಲ್ಲ ಬೇ, ಪುಣ್ಯಾ ಮಾಡೈತಿ."

ಇಂಗ್ಲಿಷಿನವರು ನಿದ್ದೆಗೆ ಹೋಗುತ್ತಾರೆ, ಗೋ ಟು ಸ್ಲೀಪ್, ಎಂದಾಗ ಮಾತ್ರ ನಗಲಿಲ್ಲ. ಸೂಜಿ ನಿಲ್ಲಿಸಿದಳು. "ನಾವು ಹೋಗೂದಲ್ಲವ್ವ, ಅದ ಬರಬೇಕು. ಬರೂತನಕ ಕುಂತು ಹಾದಿ ನೋಡಬೇಕು."

ನಮ್ಮ ಕಾನ್ವೆಂಟಿನ ಹಿಂದೆ ತೀರಿಹೋದ ಸಿಸ್ಟರುಗಳ ಸಮಾಧಿಗಳಿದ್ದವು. ಕಲ್ಲಿನ ಮೇಲೆ 'ಫೆಲ್ ಅಸ್ಲೀಪ್' ಎಂದು ಕೆತ್ತಿರುತ್ತಿತ್ತು. ಆ ಅರ್ಥವೊಂದನ್ನು ಆಯಿಗೆ ಹೇಳಲಿಲ್ಲ... ಹೇಳಬಾರದೆಂದು ಯಾರೂ ಕಲಿಸಿರಲಿಲ್ಲ, ಆದರೂ.

ಅವಳ ತೊಡೆಯ ಮೇಲಿದ್ದ ಕೌದಿ ಮಗನಿಗಾಗಿ. ತನ್ನ ಮದುವೆಯ ಸೀರೆಯನ್ನೂ ಹರಿದು ಅದಕ್ಕೆ ಹಾಕಿದ್ದಳು. ಅಂಚಿನಿಂದ ಸುತ್ತುತ್ತ ಸುತ್ತುತ್ತ ಹೊಲಿಗೆ ನಡುವಿಗೆ ಬಂದು, ಅಂಗೈಯಗಲದ ಒಂದು ಚೌಕ ಉಳಿದಿತ್ತು. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ತುತ್ತು ರೊಟ್ಟಿ, ಬೆಲ್ಲ ಇಟ್ಟೇ ಮುಚ್ಚಬೇಕು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ಆ ತುತ್ತನ್ನು ಹೊದೆಯುವವರೇ ಇಡಬೇಕೆಂಬುದು ಆಯಿಯ ಮನೆಯ ಪದ್ಧತಿ. ಹಾಗಾಗಿ ಚಳಿಗಾಲ ಕಳೆದರೂ ಕೌದಿ ಹೊಟ್ಟೆ ತೆರೆದುಕೊಂಡೇ ಇತ್ತು. "ನೀವ ಇಟ್ಟು ಹೊಲಿದುಬಿಡ್ರಿ ಆಯಿ," ಎಂದು ಅವ್ವ ಹೇಳಿದರೆ, "ಅಂವ ಸತ್ತಾನೇನ್ ತಂಗಿ, ಅವನ ತುತ್ತು ನಾ ಇಡಾಕ?" ಎಂದು ಬಾಯಿ ಮುಚ್ಚಿಸಿದ್ದಳು.

ನಲವತ್ತೆಂಟರ ಬೇಸಿಗೆಯಲ್ಲಿ ಸುತ್ತಲ ಊರುಗಳು ಖಾಲಿಯಾಗತೊಡಗಿದವು. ನಾವೂ ಬಂಡಿ ಕಟ್ಟಿ ಸೊಲ್ಲಾಪುರದ ನೆಂಟರ ಮನೆಗೆ ಹೊರಟೆವು. ಅವ್ವ ಎಷ್ಟು ಕರೆದರೂ ಆಯಿ ಬರಲಿಲ್ಲ. ಕೌದಿಯನ್ನು ಮಾತ್ರ ತಂದು ನನ್ನ ಮಡಿಲಿಗೆ ಹಾಕಿದಳು.

ಸೊಲ್ಲಾಪುರದಲ್ಲಿ ಅಪ್ಪ ಕ್ಯಾಂಪಿನಿಂದ ಬಂದವರನ್ನೆಲ್ಲ ಆಯಿಯ ಮಗನ ಬಗ್ಗೆ ವಿಚಾರಿಸಿದರು. ಒಬ್ಬ ನೋಡಿದ್ದೆ ಎಂದ, ಇನ್ನೊಬ್ಬ ಅವನು ಬೇರೆ ಊರಿನ ಹುಡುಗ ಎಂದ. ಮಳೆ ಹಿಡಿದ ಮೇಲೆ ನನಗೆ ಜ್ವರ ಬಂತು. ಅವ್ವ ಅದೇ ಕೌದಿ ಹೊದಿಸಿದಳು. ನೆಂಟರ ಹೆಂಗಸೊಬ್ಬಳು ತೆರೆದ ಚೌಕ ಹೊಲಿಯಲು ಸೂಜಿ ತಂದಾಗ ಅವ್ವ ಅವಳ ಕೈ ಹಿಡಿದು ತಡೆದಳು. "ಬ್ಯಾಡ್ರಿ. ಅದು ಆ ಹುಡುಗನ ತುತ್ತು."

ಭಾರತದ ಸೈನ್ಯ ಬಂದು ನಿಜಾಮರ ಆಳ್ವಿಕೆ ಮುಗಿದ ಮೇಲೆ ಊರಿಗೆ ಮರಳಿದೆವು. ಆಯಿಯ ಬಾಗಿಲು ತೆರೆದೇ ಇತ್ತು, ಒಳಗೆ ಆಯಿ ಇರಲಿಲ್ಲ. ಮಳೆಗಾಲದಲ್ಲೇ ತೀರಿಕೊಂಡಳಂತೆ. ಕಟ್ಟೆಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳಂತೆ. ನೋಡಿದವರು ನಿದ್ದೆ ಹತ್ತಿರಬೇಕು, ಪಾಪ, ಬಹಳ ದಿನಕ್ಕೆ ಬಂದಿದೆ ಎಂದು ಎಬ್ಬಿಸದೆ ಹೋದರಂತೆ... ಮಗ ಕೊನೆಗೂ ಬರಲಿಲ್ಲ.

ಆ ಕೌದಿ ಈಗಲೂ ನನ್ನ ಮಂಚದ ಮೇಲಿದೆ. ಮಧ್ಯಾಹ್ನ ಮಲಗಿದಾಗ ನನ್ನ ಕೈ ತಾನಾಗಿ ಆ ತೆರೆದ ಚೌಕಕ್ಕೆ ಹೋಗುತ್ತದೆ. ಒಳಗೆ ಏನೂ ಇಲ್ಲ. ಡಾಕ್ಟರು ಸ್ಲೀಪಿಂಗ್ ಟ್ಯಾಬ್ಲೆಟ್ ಬರೆದುಕೊಟ್ಟಿದ್ದಾರೆ, ಅದು ಡ್ರಾಯರಿನಲ್ಲಿದೆ. ಬರುವುದಾದರೆ ನಿದ್ದೆ ತಾನೇ ಬರಲಿ ಎಂದು ಕಾಯುತ್ತೇನೆ. ಒಮ್ಮೊಮ್ಮೆ ಬರುತ್ತದೆ. ಆಯಿ ಬರುವುದಿಲ್ಲ.

ಅವಳನ್ನು ಕೊನೆಯ ಸಲ ಕಂಡದ್ದು ಆ ಬೆಳಿಗ್ಗೆ, ಬಂಡಿಯ ಹಿಂಬದಿಯಿಂದ. "ಅಂವ ಅಲ್ಲಿ ಸಿಕ್ರ ಮೊದಲ ರೊಟ್ಟಿ ಉಣ್ಣಾಕ ಕೊಡವ್ವ. ಅದರಾಗಿನ ಒಂದ್ ತುತ್ತು ಕೌದ್ಯಾಗ ಇಡ್ಸು," ಎಂದಳು.

"ಆಮ್ಯಾಲ ನಾ ಹೊಲೀಲೇನು ಆಯಿ?"

"ನೀ ಯಾಕ? ನಾ ಇಲ್ಲೇನು? ಇಬ್ಬರೂ ಕೂಡಿ ಬರ್ರಿ, ನಾನ ಹೊಲೀತೇನಿ."

ಬಂಡಿ ಹೊರಟಿತು. ಆಯಿ ಹಾದಿಗೆ ಇಳಿಯಲಿಲ್ಲ, ಕೈ ಬೀಸಲಿಲ್ಲ, ಹೊಸ್ತಿಲಲ್ಲೇ ನಿಂತಿದ್ದಳು. ಸೆರಗಿಗೆ ಸೂಜಿ ಚುಚ್ಚಿಕೊಂಡಿದ್ದಳು. ನಾನು ಪೋಣಿಸಿಕೊಟ್ಟಿದ್ದ ಬಿಳಿ ದಾರ ಅದರಲ್ಲಿ ಇನ್ನೂ ಇತ್ತು, ಒಂದು ಚೌಕಕ್ಕೆ ಸಾಕಾಗುವಷ್ಟು.